ಕುಬರಾಳ ಕೆಂಪು ಪ್ಲೇಟು

ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮುಜೀಬೋದ್ದೀನರ ವರ್ಕ್‌ಶಾಪು ಇದ್ದ ಕಾಲಕ್ಕೆ, ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ತೆಗೆಯುತ್ತಿದ್ದವಳು ಕುಬರಾ ಒಬ್ಬಳೇ. ಟ್ರ್ಯಾಕ್ಟರಿನ ಟ್ರಾಲಿ, ಗೋದಾಮಿನ ಬಾಗಿಲು, ನೀರಿನ ಟಾಕಿಯ ಸ್ಟ್ಯಾಂಡು, ಏನೇ ಮಾಡುವುದಿದ್ದರೂ ಮೊದಲು ಅವಳ ಪರದೆಯ ಮೇಲೆ ಹುಟ್ಟಬೇಕು, ಆಮೇಲೆ ಗ್ಯಾಸ್ ಕಟರಿನ ಬಾಯಿಗೆ ಬೀಳಬೇಕು. ಅವಳ ತಂದೆ ಬದ್ರೋದ್ದೀನ ಅದೇ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಲೇಥ್ ಯಂತ್ರ ನಡೆಸಿ, ಅದೇ ಲೇಥಿನ ಪಕ್ಕದಲ್ಲಿ ಎದೆ ಹಿಡಿದುಕೊಂಡು ಕುಸಿದವರು. ಮಣ್ಣು ಮಾಡಿ ಮೂರು ದಿನ ಆಗಿರಲಿಲ್ಲ, ಮುಜೀಬೋದ್ದೀನರು ಚೌಬಾರಾ ಗೋಪುರದ ಹಿಂದಿನ ಗಲ್ಲಿಯ ಅವರ ಮನೆಗೆ ಬಂದು, ಹೊಸ್ತಿಲ ಹೊರಗೇ ನಿಂತು, ಡಿಪ್ಲೊಮಾ ಮುಗಿಸಿದ ಹುಡುಗಿಯನ್ನು ಮನೆಯಲ್ಲಿ ಕೂಡಿಸಬೇಡಿ, ನನ್ನ ಹತ್ತಿರ ಕಳಿಸಿರಿ ಎಂದು ಅವಳ ತಾಯಿ ಮರಿಯಮಬೀಗೆ ಹೇಳಿ ಹೋಗಿದ್ದರು. ನಡುವೆ ಎರಡು ವರ್ಷ ಜಹೀರಾಬಾದಿಗೆ ಮದುವೆಯಾಗಿ ಹೋದಳು. ಅದು ನೆಟ್ಟಗಾಗದೆ ತಿರುಗಿ ಬಂದಾಗಲೂ ಅವಳ ಕುರ್ಚಿ ಖಾಲಿ ಇತ್ತು. ಮುಜೀಬೋದ್ದೀನರು ಏನನ್ನೂ ಕೇಳಲಿಲ್ಲ. ಅವಳು ಅವರನ್ನು ಚಾಚಾ ಎನ್ನುತ್ತಿದ್ದಳು, ಹಾಗೆಯೇ ಎಣಿಸಿದ್ದಳು ಕೂಡ.

ಕಂಪ್ಯೂಟರಿನಲ್ಲಿ ಒಂದು ಸ್ಟ್ಯಾಂಡು ಮಾಡುವುದೆಂದರೆ ಅದರ ಕಾಲು ಬೇರೆ, ಅಡ್ಡಪಟ್ಟಿ ಬೇರೆ, ಮೂಲೆಗೆ ಬಿಗಿಯುವ ಪ್ಲೇಟು ಬೇರೆ, ಬೋಲ್ಟು ಬೇರೆ, ಹೀಗೆ ಬಿಡಿಬಿಡಿಯಾಗಿ ಮಾಡಿ ಕೊನೆಗೆ ಜೋಡಿಸುವುದು. ಒಂದೊಂದು ಭಾಗಕ್ಕೂ ಬೇಕಾದ ಬಣ್ಣ ಕೊಡಬಹುದು. ಅದಕ್ಕೆ ಕುಬರಾ ತನ್ನದೇ ಒಂದು ಕಾಯಿದೆ ಮಾಡಿಕೊಂಡಿದ್ದಳು. ಲೆಕ್ಕ ಹಾಕಿ, ಅಳತೆ ನೋಡಿ ಪಕ್ಕಾ ಆದ ಭಾಗಕ್ಕೆ ಹಸಿರು. ಅಂಗಡಿಯಿಂದ ತರುವ ನಟ್ಟು-ಬೋಲ್ಟಿಗೆ ನೀಲಿ. ಇನ್ನೂ ಬದಲಾಗಬೇಕಾದ ಭಾಗಕ್ಕೆ ಕೆಂಪು. ಒಂದು ಕೆಂಪು ಉಳಿದರೂ ನಕ್ಷೆ ಪ್ರಿಂಟಿಗೆ ಹೋಗುವಂತಿಲ್ಲ. ವೆಲ್ಡಿಂಗ್ ಮಾಡುವ ಮಚ್ಛೇಂದ್ರ, ಔರಾದ ಕಡೆಯ ಚಿಂತಾಕಿಯವನು, ಚಹಾ ಕುಡಿಯುತ್ತ ಅವಳ ಕೋಣೆಯ ಕಿಟಕಿಯಲ್ಲಿ ಇಣುಕಿ, "ಅಕ್ಕಾ, ಹಸರ ಆತೇನ್ರಿ? ಕಟಿಂಗ್ ಹಚ್ಲಿ?" ಎಂದು ಕೇಳುವುದು ದಿನದ ಮಾತಾಗಿತ್ತು.

ಎರಡು ಸಾವಿರದ ಹದಿನಾರರ ಬೇಸಿಗೆ. ಅದರ ಹಿಂದಿನ ಎರಡು ಮಳೆಗಾಲ ಬಂದಂತೆ ಮಾಡಿ ಹೋಗಿದ್ದವು. ಮಾಂಜ್ರಾ ನದಿಯ ಪಾತ್ರದಲ್ಲಿ ದನಗಳು ನಡೆದು ದಾರಿ ಬಿದ್ದಿತ್ತು. ಔರಾದಿನಿಂದ ಹೈದರಾಬಾದಿಗೆ, ಭಾಲ್ಕಿಯಿಂದ ಪುಣೆಗೆ ಹೋಗುವ ಬಸ್ಸುಗಳ ಮೇಲೆ ಗಂಟು, ಕೊಡ, ಒಲೆ, ಕಟ್ಟಿದ ಕೋಳಿ. ಬಿತ್ತನೆಯೇ ಇಲ್ಲದ ಮೇಲೆ ಟ್ರಾಲಿ ಯಾರಿಗೆ ಬೇಕು? ವರ್ಕ್‌ಶಾಪಿನಲ್ಲಿ ಎರಡು ತಿಂಗಳು ಸುತ್ತಿಗೆಯ ಸದ್ದಿರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಗುತ್ತಿಗೆದಾರ ಬಂದ. ಭಾಲ್ಕಿ, ಔರಾದ ಕಡೆಯ ಏಳು ಊರುಗಳಲ್ಲಿ ಟ್ಯಾಂಕರಿನ ನೀರು ತುಂಬಿಡಲು ಟಾಕಿ ಕೂಡಿಸಬೇಕು, ಏಳು ಸ್ಟ್ಯಾಂಡು ಮೂರು ವಾರದಲ್ಲಿ ಬೇಕು ಎಂದ.

ಕುಬರಾ ಎರಡು ಸಾವಿರ ಲೀಟರಿನ ಟಾಕಿಗೆಂದು ನಕ್ಷೆ ಮಾಡಿದಳು. ಎಲ್ಲ ಹಸಿರಾದ ಮೇಲೆ ಗುತ್ತಿಗೆದಾರ ಫೋನು ಮಾಡಿ ಟಾಕಿ ಐದು ಸಾವಿರ ಲೀಟರಿನದು ಎಂದ. ಅವಳು ಮತ್ತೆ ಕೂತು ಕಾಲು ದಪ್ಪ ಮಾಡಿದಳು, ಅಡ್ಡಪಟ್ಟಿ ಬದಲಿಸಿದಳು. ಉಳಿದದ್ದು ಮೂಲೆಯ ಎಂಟು ಪ್ಲೇಟು. ಐದು ಮಿಲಿಮೀಟರಿನದು ಸಾಲದು, ಹತ್ತರದು ಬೇಕು. ಹತ್ತರ ಪ್ಲೇಟು ವರ್ಕ್‌ಶಾಪಿನಲ್ಲಿ ಇರಲಿಲ್ಲ. ಚಾಚಾನನ್ನು ಕೇಳಿ ಬದಲಿಸಿದರಾಯಿತೆಂದು ಆ ಎಂಟಕ್ಕೂ ಕೆಂಪು ಹಚ್ಚಿದಳು.

ಕೇಳಲು ಎದ್ದವಳಿಗೆ ಮುಜೀಬೋದ್ದೀನರೇ ಎದುರಾದರು.

"ಬೇಟಿ, ಮೊದಲ ಅವರಿಗಿ ಒಂದು ಫೋಟೋ ಕಳಸಬೇಕು. ನಿನ್ನ ಈ ಹೋಳಿ ಹುಣ್ಣಿವಿ ಬಣ್ಣ ಬ್ಯಾಡ. ಎಲ್ಲಾ ಸತು ಹಚ್ಚಿದ ಜಿ.ಐ. ಪೈಪಿನ ಹಂಗ ಝಗಝಗ ಅನಬೇಕು."

"ನಾವು ಹಚ್ಚೋದು ಬೆಳ್ಳಿ ಪೇಂಟ್ ಅಲ್ಲ, ಚಾಚಾ? ಜಿ.ಐ. ಅಂತ ತೋರಿಸಿದ್ರ ಸುಳ್ಳ ಆಗ್ತದ."

"ನೋಡ್ಲಾಕ ಛಂದ ಇರಲಿ ಅಂತ. ಯಾರು ಉಗುರಲೆ ಕೆರದು ನೋಡ್ತಾರ?"

ಬಣ್ಣ ಹಚ್ಚಲು ಎರಡು ದಾರಿ ಇದ್ದವು. ಒಂದೊಂದು ಭಾಗವನ್ನೂ ತೆರೆದು ಅದರ ಸ್ವಂತ ಬಣ್ಣವನ್ನೇ ಬದಲಿಸುವುದು ಒಂದು. ಇಡೀ ಜೋಡಣೆಯ ಮೇಲೆ ಒಂದೇ ಹೊಳಪನ್ನು ಹೊದಿಸಿಬಿಡುವುದು ಇನ್ನೊಂದು. ಹೊದಿಸಿದರೆ ಕೆಳಗಿನ ಬಣ್ಣ ಅಳಿಯುವುದಿಲ್ಲ, ಮರೆಯಾಗುತ್ತದೆ ಅಷ್ಟೇ. ತೆಗೆದರೆ ಮತ್ತೆ ಬರುತ್ತದೆ. ತನ್ನ ಕೆಂಪು-ಹಸಿರು ಕೆಡಬಾರದೆಂದು ಕುಬರಾ ಹೊದಿಸುವ ದಾರಿಯನ್ನೇ ಹಿಡಿದಳು. ಸ್ಟ್ಯಾಂಡು ಪರದೆಯ ಮೇಲೆ ಈಗಷ್ಟೇ ತೊಳೆದಿಟ್ಟ ಪಾತ್ರೆಯಂತೆ ಹೊಳೆಯಿತು. ಫೋಟೋ ಹೋಯಿತು. ಹೊದಿಕೆ ತೆಗೆಯಬೇಕು ಎನ್ನುವಷ್ಟರಲ್ಲಿ ಪಕ್ಕದ ಮನೆಯವರ ಫೋನು ಬಂತು. ಮರಿಯಮಬೀ ನೀರಿನ ಪಾಳಿಯಲ್ಲಿ ನಿಂತಲ್ಲೇ ತಲೆ ತಿರುಗಿ ಬಿದ್ದಿದ್ದಳು.

ಮೂರು ದಿನ ಅವಳು ದವಾಖಾನೆಯಲ್ಲಿ ತಾಯಿಯ ಮಂಚದ ಪಕ್ಕದಲ್ಲಿದ್ದಳು. ನಾಲ್ಕನೇ ದಿನ ಬಂದಾಗ ಮುಜೀಬೋದ್ದೀನರು ತಾವೇ ಪ್ರಿಂಟು ತೆಗೆದು ಕೆಲಸ ಹಚ್ಚಿದ್ದರು. ಅಂಗಳದಲ್ಲಿ ಪ್ಲೇಟುಗಳು ಕತ್ತರಿಸಿ ಬಿದ್ದಿದ್ದವು. ಕುಬರಾ ಕಂಪ್ಯೂಟರು ಹಚ್ಚಿ ನೋಡಿದಳು. ಎಲ್ಲ ಬೆಳ್ಳಗೆ ಹೊಳೆಯುತ್ತಿತ್ತು, ಎಲ್ಲೂ ಕೆಂಪಿರಲಿಲ್ಲ. ಮನಸ್ಸಿನಲ್ಲಿ ಸಣ್ಣದೊಂದು ಮುಳ್ಳು ಆಡಿದ್ದು ನಿಜ. ಆದರೆ ಚೀಲದಲ್ಲಿ ತಾಯಿಯ ರಕ್ತದ ರಿಪೋರ್ಟು ಇತ್ತು, ಮಧ್ಯಾಹ್ನ ಡಾಕ್ಟರಿಗೆ ತೋರಿಸಬೇಕಿತ್ತು. ತಾನು ಪ್ಲೇಟು ಬದಲಿಸಿ ಮುಗಿಸಿಯೇ ಹೋಗಿರಬೇಕು ಅಂದುಕೊಂಡು ಫೈಲು ಮುಚ್ಚಿದಳು. ಮುಂದೆ ಎಷ್ಟೋ ವರ್ಷ, ಬೇರೆ ಎಲ್ಲದಕ್ಕೂ ಯಾರ ಮೇಲಾದರೂ ಸಿಟ್ಟು ಮಾಡಬಹುದಿತ್ತು, ಆ ಒಂದು ಗಳಿಗೆಗೆ ಮಾತ್ರ ಅವಳಿಗೆ ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಏಪ್ರಿಲ್ ಕೊನೆಯ ವಾರ, ಆ ಏಳು ಊರುಗಳಲ್ಲೊಂದಾದ, ಹಲಬರ್ಗಾದ ಆಚೆಗಿನ ಸಣ್ಣ ವಾಡಿಯಲ್ಲಿ ಟ್ಯಾಂಕರು ಬಂದು ಟಾಕಿ ತುಂಬಿಸಿ ಹೋಯಿತು. ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟಿದ್ದರು. ಮೊದಲ ಪಾಳಿ ಸತ್ಯಮ್ಮನದು. ಗಂಡ ಮಾಣಿಕ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಎರಡು ಮೇಕೆಗಳನ್ನು ಯಾರಿಗೂ ಒಪ್ಪಿಸಲು ಮನಸ್ಸಾಗದೆ ಅವಳೊಬ್ಬಳು ಊರಲ್ಲಿ ಉಳಿದಿದ್ದಳು. ನಳಕ್ಕೆ ಕೊಡ ಹಿಡಿದು ಬಗ್ಗಿದ್ದಾಗ ಮೇಲೆ ಬಟ್ಟೆ ಹರಿದಂಥ ಸದ್ದಾಯಿತಂತೆ. ಸ್ಟ್ಯಾಂಡಿನ ಒಂದು ಕಾಲು ಮಡಚಿಕೊಂಡಿತು. ಐದು ಸಾವಿರ ಲೀಟರು ನೀರಿನೊಡನೆ ಟಾಕಿ ಅವಳ ಮೇಲೆ ಬಂತು. ಹಿಂದೆ ನಿಂತ ಮುದುಕಿಯೊಬ್ಬಳ ಸೊಂಟ ಮುರಿಯಿತು. ನೀರೆಲ್ಲ ಹರಿದು ಹೋಗುವಾಗ ಒಂದಿಬ್ಬರು ಅಳುತ್ತಲೇ ಕೊಡ ತುಂಬಿಕೊಂಡರೆಂದು ಆಮೇಲೆ ಜನ ಹೇಳಿದರು. ಹೇಳಿದವರ ಮಾತಿನಲ್ಲಿ ಬೈಗುಳ ಇರಲಿಲ್ಲ. ಅಂಥ ವರ್ಷ ಅದು.

ಸುದ್ದಿ ವರ್ಕ್‌ಶಾಪಿಗೆ ಬಂದಾಗ ಮುಜೀಬೋದ್ದೀನರು, "ಟ್ಯಾಂಕರ್ ಹಿಂದ ತಗೋಳಾಗ ಕಾಲಿಗಿ ಬಡದಾನಂತ. ಡ್ರೈವರಂದು ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕುಬರಾ ಒಳಗೆ ಹೋಗಿ ಫೈಲು ತೆರೆದಳು. ಹೊದಿಕೆ ತೆಗೆದಳು. ಹಸಿರು ಸ್ಟ್ಯಾಂಡಿನ ಮೂಲೆಮೂಲೆಯಲ್ಲಿ ಎಂಟು ಕೆಂಪು ಪ್ಲೇಟುಗಳು ಎದ್ದು ನಿಂತವು. ಒಂದನ್ನು ಒತ್ತಿ ಅಳತೆ ನೋಡಿದಳು. ಐದು ಮಿಲಿಮೀಟರು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಮುಜೀಬೋದ್ದೀನರು ಬಾಗಿಲಲ್ಲಿ ನಿಂತಿದ್ದು ಅವಳಿಗೆ ತಿಳಿಯಲಿಲ್ಲ.

"ಕ್ಯಾ ಹುವಾ ಬೇಟಿ?"

ಅವಳು ಪರದೆಗೆ ಬೆರಳು ತೋರಿಸಿದಳು. ಅವರಿಗೆ ಅವಳ ಬಣ್ಣದ ಕಾಯಿದೆ ಗೊತ್ತಿತ್ತು. ಬಾಗಿಲು ಹಾಕಿಕೊಂಡರು.

"ಚಾಚಾ, ಇನ್ನ ಆರು ಕಡಿ ಇವೇ ಪ್ಲೇಟ್ ಆವ. ಎಲ್ಲಾ ಟಾಕಿ ತುಂಬೇ ಇರ್ತಾವ. ಇವತ್ತೇ ಫೋನ್ ಮಾಡಿ ಹೇಳ್ರಿ, ಎರಡು ಸಾವಿರ ಲೀಟರಕಿಂತ ಮ್ಯಾಲ ತುಂಬಬ್ಯಾಡ್ರಿ ಅಂತ."

"ಹೇಳಿದ್ರ ಏನಾಗ್ತದ ಗೊತ್ತದ? ಆಕಿ ಸತ್ತದ್ದು ನಮ್ಮ ಮ್ಯಾಲ ಬರ್ತದ. ಹನ್ನೆರಡು ಮಂದಿ ಇಲ್ಲಿ ಉಣ್ತಾರ, ಅವರೂ ಗಂಟು ಕಟ್ಟಿ ಪುಣಾಕ್ಕ ಹೋಗಬೇಕು. ಹತ್ತು ದಿನ ತಡಿ. ಗದ್ದಲ ತಣ್ಣಗಾಗಲಿ, ಸುಮ್ಮ ಹೋಗಿ ದಪ್ಪ ಪ್ಲೇಟ್ ಬಡದು ಬರೋಣ."

"ಹತ್ತು ದಿನದಾಗ ಇನ್ನೊಂದು ಬಿದ್ರ?"

ಮುಜೀಬೋದ್ದೀನರು ಕೂತರು. ಮುಖ ಒರೆಸಿಕೊಂಡರು. "ನಿನ್ನ ಅಪ್ಪ ಇದ್ದಿದ್ರ ಹಿಂಗ ಮಾತಾಡ್ತಿದ್ದಿಲ್ಲ" ಎಂದರು.

ಕುಬರಾ ಎದ್ದಳು. ಆರು ಊರುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೊರಗೆ ಬಂದು ಮಚ್ಛೇಂದ್ರನಿಗೆ ತೋರಿಸಿದಳು. ಎರಡು ಭಾಲ್ಕಿ ಕಡೆಯವು, ನಾಲ್ಕು ಔರಾದ ಕಡೆಯವು. ಕೊನೆಯ ಹೆಸರು ಚಿಂತಾಕಿ. ಮಚ್ಛೇಂದ್ರನ ತಾಯಿ ಕೌಸಲ್ಯಾಬಾಯಿ ನೀರು ತರುತ್ತಿದ್ದದ್ದು ಅದೇ ಟಾಕಿಯಿಂದ. ಅವನು ಚೀಟಿಯನ್ನು ಎರಡು ಸಲ ಓದಿದ.

"ಔರಾದ ಕಡಿದು ನಾ ನೋಡ್ಕೋತೇನಿ, ಅಕ್ಕಾ. ನೀವು ಭಾಲ್ಕಿಗಿ ಹೋಗ್ರಿ" ಎಂದು ವೆಲ್ಡಿಂಗ್ ಕನ್ನಡಕವನ್ನು ಕೆಳಗಿಟ್ಟು ಗಾಡಿ ಚಾಲೂ ಮಾಡಿದ.

ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಕುಬರಾ ಚೀಟಿಯ ಮೊದಲ ಊರು ಖಟಕ ಚಿಂಚೋಳಿಗೆ ಮುಟ್ಟಿದಾಗ ಬಿಸಿಲು ತಲೆಯ ಮೇಲಿತ್ತು. ಟಾಕಿ ಅವಳಿಗೆ ದೂರದಿಂದಲೇ ಕಂಡಿತು. ತನ್ನ ಪರದೆಯ ಮೇಲೆ ಸಾವಿರ ಸಲ ತಿರುಗಿಸಿ ನೋಡಿದ ಸ್ಟ್ಯಾಂಡು, ಬೆಳ್ಳಿ ಪೇಂಟು ಹಚ್ಚಿಕೊಂಡು, ಎಣಿಸಿದ್ದಕ್ಕಿಂತ ಎತ್ತರವಾಗಿ ನಿಂತಿತ್ತು. ಅದರ ನೆರಳಲ್ಲಿ ಹೆಂಗಸರು ಕೂತಿದ್ದರು. ಬೇರೆ ನೆರಳೇ ಅಲ್ಲಿರಲಿಲ್ಲ.

"ಅವ್ವಾ, ಆ ಕಡಿ ಬರ್ರಿ. ಅದರ ಕೆಳಗ ಕೂಡಬ್ಯಾಡ್ರಿ" ಎಂದಳು. ಯಾರೂ ಏಳಲಿಲ್ಲ. ಟಾಕಿಯ ನೀರು ಬಿಡಬೇಕು, ಅರ್ಧಕ್ಕಿಂತ ಕೆಳಗೆ ಇಳಿಸಬೇಕು ಎಂದಾಗ ಮಾತ್ರ ಎಲ್ಲರೂ ಒಮ್ಮೆಲೇ ಎದ್ದರು.

ಅವರಲ್ಲಿ ಹಿರಿಯಳು ಸುಭದ್ರಾಬಾಯಿ. ಕೂಲಿ ಮಾಡಿ ಮಾಡಿ ಒಣಗಿದ ಮೈ, ದೊಡ್ಡ ಧ್ವನಿ. "ನಾಕು ದಿನಕ್ಕೊಮ್ಮೆ ಟ್ಯಾಂಕರ್ ಬರ್ತದ. ಮುಂಜಾನಿ ತುಂಬ್ಯಾದ. ನೀರು ಬಿಡು ಅಂತೀ, ನಾಳಿಗಿ ನೀ ತಂದು ಕೊಡ್ತೀಯೇನು? ಯಾರು ನೀ?"

ಆಫೀಸಿನಿಂದ ಬಂದಿದ್ದೇನೆ ಎಂದರೆ ಸಾಕಿತ್ತು. ಬಸ್ಸಿನಲ್ಲಿ ಬರುವಾಗ ಅವಳು ಅದನ್ನೇ ಹೇಳಬೇಕೆಂದು ಎಣಿಸಿದ್ದಳು. ಬಾಯಿಗೆ ಬೇರೆಯದು ಬಂತು.

"ಈ ಸ್ಟ್ಯಾಂಡಿನ ನಕ್ಷೆ ಮಾಡಿದಾಕಿ ನಾನೇ ರೀ. ಮೂಲಿ ಪ್ಲೇಟ್ ತೆಳ್ಳಗ ಆಗ್ಯಾವ, ನನ್ನ ತಪ್ಪ ಅದು. ಹಲಬರ್ಗಾದ ಹಂತ್ಯಾಕ ಇಂಥದ್ದೇ ಬಿದ್ದು ಒಬ್ಬಾಕಿ ಸತ್ತಾಳ. ಸತ್ಯಮ್ಮ ಅಂತ."

ಸುಭದ್ರಾಬಾಯಿಯ ಕೈ ಮೇಲೆದ್ದಿತು. ಹೊಡೆಯುತ್ತಾಳೆಂದು ಕುಬರಾ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಆ ಕೈ ಪಕ್ಕದವಳ ತೋಳು ಹಿಡಿದು ಟಾಕಿಯ ಕೆಳಗಿಂದ ಎಳೆಯುತ್ತಿತ್ತು. "ಸರೀರಿ ಎಲ್ಲಾರೂ! ಕೊಡ, ಬಕೀಟು, ಕಾಳಿನ ಡಬ್ಬಿ, ಏನದ ಎಲ್ಲಾ ತರ್ರಿ. ಒಂದು ಹನಿ ನೆಲಕ್ಕ ಬೀಳಬಾರದು."

ದೂರದಿಂದ ರಬ್ಬರು ಪೈಪು ಹಚ್ಚಿ ಎರಡು ತಾಸು ನೀರು ಇಳಿಸಿದರು. ಮನೆಗಳಲ್ಲಿದ್ದ ಪಾತ್ರೆ-ಪಡಗ ಎಲ್ಲ ತುಂಬಿದವು. ಬೀಗ ಹಾಕಿ ಗುಳೆ ಹೋದವರ ಕಟ್ಟೆಯ ಮೇಲಿದ್ದ ಹಳೇ ಡ್ರಮ್ಮುಗಳೂ ತುಂಬಿದವು. ಮುಂದಿನ ಸಲ ಟ್ಯಾಂಕರಿನಿಂದ ನೇರ ಕೊಡಕ್ಕೇ ಹಿಡಿಯುತ್ತೇವೆ ಎಂದಳು ಸುಭದ್ರಾಬಾಯಿ. ಕುಬರಾಳಿಗೆ ಅವಳು ಕುಡಿಯಲು ನೀರು ಕೊಡಲಿಲ್ಲ. ಕುಬರಾ ಕೇಳಲೂ ಇಲ್ಲ.

ಮಚ್ಛೇಂದ್ರ ಮರುದಿನ ಫೋನು ಮಾಡಿದ. ಒಂದು ಊರಲ್ಲಿ ಅವನನ್ನು ಕಳ್ಳನೆಂದು ಅಟ್ಟಿಸಿಕೊಂಡು ಬಂದಿದ್ದರು. ಪಂಚಾಯತಿಯವರನ್ನು ಕರೆದುಕೊಂಡು ಮತ್ತೆ ಹೋಗಬೇಕಾಯಿತು. ಚಿಂತಾಕಿಯಲ್ಲಿ ಯಾರ ಮಾತನ್ನೂ ಕೇಳದೆ ತಾನೇ ನಳ ತಿರುಗಿಸಿದ್ದ. ಕೌಸಲ್ಯಾಬಾಯಿ ಹೆತ್ತ ಮಗನನ್ನು ಓಣಿಯ ಮುಂದೆ ನಿಂತು ಶಪಿಸಿದ್ದಳು. ಟಾಕಿ ಖಾಲಿಯಾದ ನಂತರ ಮೇಲೆ ಹತ್ತಿ ನೋಡಿದರೆ ಒಂದು ಪ್ಲೇಟಿನಲ್ಲಿ ಬೆರಳುದ್ದ ಸೀಳು ಬಿಟ್ಟಿತ್ತು. "ಇನ್ನೊಂದು ನಾಕು ದಿನ, ಅಕ್ಕಾ. ಅಷ್ಟೇ" ಎಂದ.

ಆರೂ ಊರಿನ ಟಾಕಿಗಳ ನೀರು ಇಳಿಯಿತು. ಮತ್ತೊಂದು ಬೀಳಲಿಲ್ಲ.

ಪೊಲೀಸರು ನಾಲ್ಕನೇ ದಿನ ಬಂದರು. ಕುಬರಾ ನಡೆದದ್ದನ್ನೆಲ್ಲ ಹೇಳಿ, "ಫೈಲ್ ತೆರದು ಮ್ಯಾಲಿನ ಹೊಳಪು ತಗೀರಿ, ಕೆಂಪ ಕಾಣ್ತಾವ" ಎಂದಳು. ತಾನೇ ತೆಗೆದು ತೋರಿಸಿದಳು. ಎಂಟೂ ಪ್ಲೇಟು ಹಸಿರಾಗಿದ್ದವು. ಅಳತೆ ಮಾತ್ರ ಅದೇ, ಐದು ಮಿಲಿಮೀಟರು. ಅವಳು ಊರೂರು ತಿರುಗುತ್ತಿದ್ದ ದಿನಗಳಲ್ಲಿ ಯಾರೋ ಕೂತು ಒಂದೊಂದೇ ಪ್ಲೇಟು ತೆರೆದು ಬಣ್ಣ ಬದಲಿಸಿದ್ದರು.

ಮುಜೀಬೋದ್ದೀನರು ಗೋಡೆ ನೋಡುತ್ತ ಹೇಳಿದರು: "ಸಾಹೇಬ್ರ, ಹಸರ ಅಂದ್ರ ಆಕಿ ಚೆಕ್ ಮಾಡಿ ಪಾಸ್ ಮಾಡ್ಯಾಳ ಅಂತ. ವರ್ಕ್‌ಶಾಪಿನಾಗ ಯಾರನ್ನೂ ಕೇಳ್ರಿ."

ಕೇಳಿದರು. ಹಸಿರೆಂದರೆ ಹಾಗೇ ಎಂದು ಎಲ್ಲರೂ ಹೇಳಿದರು. ಸುಳ್ಳೇನೂ ಆಗಿರಲಿಲ್ಲ. ಪ್ರಿಂಟು ತೆಗೆದ ಕಾಗದದ ಮೇಲೆ ಬಣ್ಣವೇ ಇರಲಿಲ್ಲ, ಬರೀ ಕಪ್ಪು ಗೆರೆ. ಕೆಳಗಿನ ಮೂಲೆಯಲ್ಲಿ ಅವಳ ಹೆಸರು. ಪ್ಲೇಟು ತೆಳ್ಳಗಿದ್ದದ್ದು ಅವಳ ತಪ್ಪೇ. ಆದರೆ ತಿಳಿದೂ ಪಾಸು ಮಾಡಿದಳೆಂಬ ಹೊಸ ತಪ್ಪು ಈಗ ಅವಳ ತಲೆಯ ಮೇಲೆ ಬಂದು ಕೂತಿತು. ಅವಳು ಆ ಹಸಿರನ್ನೇ ನೋಡುತ್ತ ಕೂತಳು. ಚಾಚಾ ಎಂದು ಕರೆಯಬೇಕೆನ್ನಿಸಿತು.

ಅವಳು, ಮುಜೀಬೋದ್ದೀನರು, ಇಬ್ಬರ ಮೇಲೂ ಕೇಸು ಬಿತ್ತು. ವರ್ಕ್‌ಶಾಪು ಆ ಮಳೆಗಾಲದೊಳಗೇ ಮುಚ್ಚಿತು. ಮಚ್ಛೇಂದ್ರ ತಾಯಿಯನ್ನೂ ಕರೆದುಕೊಂಡು ಪುಣೆಗೆ ಹೋದ. ಸಾಕ್ಷಿ ಹೇಳಲು ಬರ್ತೇನಿ ಎಂದಿದ್ದ, ಬರಲಿಲ್ಲ. ಮೂರು ಸಮನ್ಸು ಅವನ ಬೀಗ ಹಾಕಿದ ಮನೆಯಿಂದ ತಿರುಗಿ ಬಂದವು. ಕುಬರಾ ಅವನ ಮೇಲೆ ಸಿಟ್ಟಾಗಲಿಲ್ಲ. ಮುಜೀಬೋದ್ದೀನರಿಗೆ ಲಕ್ವಾ ಹೊಡೆದು ಬಾಯಿ ಸೊಟ್ಟಾಯಿತು. ಎರಡನೇ ವರ್ಷ ತೀರಿಕೊಂಡರು. ಅವರ ಜನಾಜಾ ಇವರ ಗಲ್ಲಿಯಿಂದಲೇ ಹೋಯಿತು. ಮರಿಯಮಬೀ ಕಿಟಕಿಯ ಪರದೆ ಸರಿಸಿ ನೋಡಿದಳು. ಕುಬರಾ ಒಳಗಿನ ಕೋಣೆಯಲ್ಲಿ ನಿಂತು, ಹಳೇ ರೂಢಿಯಂತೆ, ಅವರ ಹೆಸರಿನಲ್ಲಿ ದುವಾ ಮಾಡಿದಳು. ಅರ್ಧಕ್ಕೆ ನಿಂತುಹೋಯಿತು. ಮತ್ತೆ ಮೊದಲಿನಿಂದ ಹಿಡಿದು ಮುಗಿಸಿದಳು.

ಉಳಿದ ಆರೋಪಿ ಅವಳೊಬ್ಬಳೇ. ಗುತ್ತಿಗೆದಾರನ ಹೆಸರು ಮೊದಲೇ ಬಿಟ್ಟುಹೋಗಿತ್ತು. ಬೀದರಿನಲ್ಲಿ ನಕ್ಷೆಯ ಕೆಲಸ ಕೊಡುವವರು ಯಾರೂ ಇರಲಿಲ್ಲ. ಮನೆಯಲ್ಲೇ ಬ್ಲೌಸು, ಸಲ್ವಾರು ಹೊಲಿದು ತಾಯಿಯನ್ನು ಸಾಕಿದಳು. ತಾರೀಖು ಬಂದಾಗ ಭಾಲ್ಕಿಯ ಕೋರ್ಟಿಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂಡುವಳು. ಸತ್ಯಮ್ಮನ ಗಂಡ ಮಾಣಿಕ ಹೈದರಾಬಾದಿನಿಂದ ಪ್ರತಿ ತಾರೀಖಿಗೆ ಬರುತ್ತಿದ್ದ. ಮೊದಲ ಸಲ ಅವಳು ಯಾರೆಂದು ತಿಳಿಯದೆ ಪಕ್ಕದಲ್ಲೇ ಕೂತು, "ಬಾಯಿ, ಹನ್ನೊಂದನೇ ನಂಬರ್ ಯಾವಾಗ ಕರೀತಾರ್ರಿ?" ಎಂದು ಕೇಳಿದ್ದ. ಹನ್ನೊಂದನ್ನು ಕರೆದಾಗ ಇಬ್ಬರೂ ಒಟ್ಟಿಗೆ ಎದ್ದರು. ಅಂದಿನಿಂದ ಅವನು ಬೇರೆ ಬೆಂಚು ಹಿಡಿದ.

ಮೂರನೇ ವರ್ಷ ಖಟಕ ಚಿಂಚೋಳಿಯಿಂದ ಸುಭದ್ರಾಬಾಯಿ ಬಂದಳು. ಕುಬರಾಳ ವಕೀಲರು ಕರೆಸಿದ್ದರು. ಕಟಕಟೆಯಲ್ಲಿ ನಿಂತು ಅವಳು ಹೇಳಿದ್ದು ಇಷ್ಟು: "ಪೊಲೀಸ್ರಕಿಂತ ಮೊದಲ, ಯಾವ ಸಾಹೇಬನಕಿಂತ ಮೊದಲ ಈಕಿ ಬಂದಳ್ರಿ. ನನ್ನ ತಪ್ಪ ಅಂತ ತಾನೇ ಅಂದಳು. ಹಿಂಗ ಅಂದವರನ್ನ ನಾ ಮತ್ತೊಬ್ಬರನ್ನ ಕಂಡಿಲ್ಲ." ಇಳಿದು ಹೋಗುವಾಗ ಕುಬರಾಳ ಕಡೆ ನೋಡಲಿಲ್ಲ.

ನಿರ್ಲಕ್ಷ್ಯದಿಂದ ಸಾವಾಯಿತೆಂಬ ತಪ್ಪು ಉಳಿಯಿತು. ತಾನೇ ಹೋಗಿ ಎಚ್ಚರಿಸಿದ್ದನ್ನು ನೋಡಿ ಜೈಲಿನ ಬದಲು ದಂಡ ಹಾಕಿ, ಆ ದಿನ ಕೋರ್ಟು ಏಳುವ ತನಕ ಅಲ್ಲೇ ಕೂಡಬೇಕೆಂದು ತೀರ್ಪಾಯಿತು. ಕುಬರಾ ಕೂತಳು. ಐದೂವರೆಗೆ ಎಲ್ಲರೂ ಎದ್ದರು.

ಹೊರಗೆ ಬೇವಿನ ಮರದ ಕೆಳಗೆ ಮಾಣಿಕ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳು ತಲೆ ತಗ್ಗಿಸಿ ದಾಟಬೇಕೆಂದಾಗ ಅವನೇ ಮಾತಾಡಿದ.

"ಇವತ್ತಿಗಿ ಮುಗೀತೇನ್ರಿ ಎಲ್ಲಾ?"

"ಮುಗೀತ್ರಿ."

"ಮುಂದ ತಾರೀಖ ಇಲ್ಲ?"

"ಇಲ್ರಿ."

ಅವನು ಚೀಲವನ್ನು ಕೆಳಗಿಟ್ಟ. "ತಾರೀಖ ಇತ್ತಂತ ಈ ಕಡಿ ಬರ್ತಿದ್ದೆ. ಊರಿಗಿ ಹೋಗಿ, ಆಕಿನ ಮಣ್ಣು ಮಾಡಿದಲ್ಲಿ ಒಂದು ಸುತ್ತ ಹಾಕಿ ಹೋಗ್ತಿದ್ದೆ. ಮನ್ಯಾಗ ಯಾರೂ ಇಲ್ಲ. ಇನ್ನ ಯಾವ ನೆವಕ್ಕ ಬರ್ಲಿ?"

ಕುಬರಾ ಮೂರು ವರ್ಷ ಎದೆಯಲ್ಲಿಟ್ಟುಕೊಂಡಿದ್ದ "ತಪ್ಪಾತ್ರಿ" ಎಂಬ ಮಾತು ಅಲ್ಲಿ ಸಣ್ಣದೆನ್ನಿಸಿ ಒಳಗೇ ಉಳಿಯಿತು. ಹೈದರಾಬಾದಿನ ಬಸ್ಸು ಬಂತು. ಅವನು ಚೀಲ ಹೆಗಲಿಗೆ ಹಾಕಿಕೊಂಡು, ನಿಂತ ಜನರ ನಡುವೆ ನುಗ್ಗಿ ಹತ್ತಿದ. ಅವಳು ಆ ಬಸ್ಸು ಹೊರಡುವ ತನಕ ನಿಂತಿದ್ದು, ಬೀದರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಒಬ್ಬರನ್ನು ಕೇಳಿದಳು. ಮೂರು ವರ್ಷ ಅಲ್ಲೇ ಹತ್ತಿದ್ದಳು, ಆ ಹೊತ್ತಿನಲ್ಲಿ ಮರೆತುಹೋಗಿತ್ತು.